ಕೆರೆಗೆ ಬರುವ ಚರಂಡಿ ನೀರು: ಯಂತ್ರ ತರುವ ಮೊದಲು ಹಿತ್ತಲು ನೋಡಿ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಲ್ಲಿ ಸುಮಾರು 2,400 ಜನ ಇದ್ದೇವೆ. ಊರಿನ ಚರಂಡಿ ನೀರೆಲ್ಲ ಒಂದು ಹಳ್ಳ ಸೇರಿ ಕೆರೆಗೆ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಕೆರೆಯ ಮೇಲ್ಭಾಗದಲ್ಲಿ ಬೂದುನೀರು (ಬಚ್ಚಲು, ಬಟ್ಟೆ, ಪಾತ್ರೆಯ ನೀರು) ಶುದ್ಧ ಮಾಡುವ ಘಟಕ ಕಟ್ಟಿಸಿದ್ದೆವು. ಎರಡು ತೊಟ್ಟಿ, ಒಂದು ಜಲ್ಲಿ ಹಾಸು. ಒಂದು ವರ್ಷ ಚೆನ್ನಾಗಿತ್ತು. ಈಗ ಜಲ್ಲಿ ಮೇಲೆಯೇ ನೀರು ನಿಂತು, ಪಕ್ಕದಿಂದ ಹರಿದು ಕೆರೆಗೆ ಇಳಿಯುತ್ತಿದೆ. ಕೆರೆ ಹಸಿರಾಗಿದೆ, ಹೋದ ಬೇಸಿಗೆಯಲ್ಲಿ ಮೀನು ಸತ್ತವು. ಹಳೆಯದನ್ನು ಒಡೆದು, ಕರೆಂಟಿನಿಂದ ಕೊಳಚೆ ನೀರು ಶುದ್ಧ ಮಾಡುವ ಯಂತ್ರ, ಅಂದರೆ ಎಸ್‌ಟಿಪಿ ಹಾಕಿಸಿ ಅಂತ ಒಬ್ಬ ಗುತ್ತಿಗೆದಾರರು ಹೇಳುತ್ತಿದ್ದಾರೆ. ಹಾಕಿಸಬೇಕೇ? ಕೆರೆ ಹೂಳು ತೆಗೆಸಿದರೆ ಸಾಲದೇ? ಈ ವರ್ಷ ಮೀನುಮರಿ ಬಿಡಬಹುದೇ?

ಉತ್ತರ: ಘಟಕವನ್ನು ಒಡೆಯಬೇಡಿ. ಎಸ್‌ಟಿಪಿಗೆ ಈಗಲೇ ಸಹಿ ಹಾಕಬೇಡಿ. ನೀವು ಬರೆದದ್ದನ್ನು ಓದಿದರೆ ನಿಮ್ಮ ಘಟಕ ಕೆಟ್ಟಂತೆ ಕಾಣುವುದಿಲ್ಲ. ಹೊರಲಾಗದ ಹೊರೆ ಅದರ ಮೇಲೆ ಬಿದ್ದಿದೆ, ಅಷ್ಟೇ. ಅದೇ ಹೊರೆಯನ್ನು ಎಸ್‌ಟಿಪಿ ಮೇಲೆ ಹಾಕಿದರೆ ಅದೂ ಮಲಗುತ್ತದೆ. ಜೊತೆಗೆ ತಿಂಗಳು ತಿಂಗಳು ಕರೆಂಟ್ ಬಿಲ್ಲು ಬರುತ್ತದೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. 2,400 ಜನಕ್ಕೆ ಅದು 1,32,000 ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 70 ಪಾಲು ಬಚ್ಚಲು, ಬಟ್ಟೆ, ಪಾತ್ರೆಯ ನೀರಾಗಿ ಹೊರಗೆ ಹೋಗುತ್ತದೆ. ಅಂದರೆ ದಿನಕ್ಕೆ ಸುಮಾರು 92,000 ಲೀಟರ್. ಬೋರಿನ ತೊಂಬೆಯಿಂದ ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಯಾರೂ ಇಷ್ಟು ನೀರು ಬಳಸುತ್ತಿರಲಿಲ್ಲ. ನಲ್ಲಿ ಬಂತು, ಒಳ್ಳೆಯದೇ ಆಯಿತು, ಹೆಣ್ಣುಮಕ್ಕಳ ಸೊಂಟ ಉಳಿಯಿತು. ಆದರೆ ಬಂದ ನೀರು ಎಲ್ಲಿಗೆ ಹೋಗಬೇಕು ಅಂತ ಬಹಳ ಊರುಗಳಲ್ಲಿ ಯಾರೂ ಕೇಳಲಿಲ್ಲ. ನಿಮ್ಮ ಘಟಕದ ನಕ್ಷೆ ಪಂಚಾಯಿತಿಯಲ್ಲಿ ಇರುತ್ತದೆ. ದಿನಕ್ಕೆ ಎಷ್ಟು ಲೀಟರಿಗೆ ಕಟ್ಟಿದ್ದು ಅಂತ ಅದರಲ್ಲಿ ನೋಡಿ. ಮನೆಮನೆಗೆ ನಲ್ಲಿ ಬರುವ ಮೊದಲಿನ ಅಳತೆ ಅದರಲ್ಲಿದ್ದರೆ ನನಗೆ ಆಶ್ಚರ್ಯವಿಲ್ಲ.

ಈಗ ನಿಮ್ಮ ನೀರುಗಂಟಿಯನ್ನು ಕರೆದುಕೊಂಡು ಮೂರು ಹೊತ್ತು ಚರಂಡಿ ಉದ್ದಕ್ಕೂ ನಡೆಯಿರಿ. ಬೆಳಿಗ್ಗೆ 7 ಗಂಟೆಗೆ, ಮಧ್ಯಾಹ್ನ 3ಕ್ಕೆ, ರಾತ್ರಿ 2ಕ್ಕೆ. ರಾತ್ರಿ 2 ಗಂಟೆಗಾ ಅಂತ ಕೇಳಬೇಡಿ, ಅದೇ ಮುಖ್ಯ. ಆ ಹೊತ್ತಿನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಅಲ್ವಾ? ಆಗಲೂ ಚರಂಡಿ ಹರಿಯುತ್ತಿದ್ದರೆ ಅದು ಬಚ್ಚಲು ನೀರಲ್ಲ. ತಿರುಪು ಇಲ್ಲದ ನಲ್ಲಿಯ ನೀರು, ಇಲ್ಲವೇ ಒಡೆದ ಪೈಪಿನ ನೀರು. ಕುಡಿಯುವ ನೀರನ್ನೇ ನಾವು ಕೊಳಚೆ ಮಾಡಿ, ಆಮೇಲೆ ಅದನ್ನು ಶುದ್ಧ ಮಾಡಲು ದುಡ್ಡು ಹುಡುಕುತ್ತೇವೆ. ನಲ್ಲಿ ತಿರುಪು ಹಾಕಿಸಿದ್ದರಿಂದಲೇ ಚರಂಡಿ ನೀರು ಕಣ್ಣಿಗೆ ಕಾಣುವಷ್ಟು ಇಳಿದ ಊರುಗಳನ್ನು ನಾನು ನೋಡಿದ್ದೇನೆ. ಹರಿವು ಅಳೆಯುವುದೂ ಸುಲಭ. ಚರಂಡಿ ಕೊನೆಯಲ್ಲಿ ನೀರು ಧುಮುಕುವ ಜಾಗದಲ್ಲಿ 20 ಲೀಟರಿನ ಬಕೆಟ್ ಹಿಡಿಯಿರಿ, ತುಂಬಲು ಎಷ್ಟು ಸೆಕೆಂಡು ಬೇಕು ಅಂತ ಮೊಬೈಲಿನಲ್ಲಿ ನೋಡಿ. ಮೂರು ಹೊತ್ತಿನ ಲೆಕ್ಕವನ್ನೂ ಬರೆದಿಡಿ. ಯಾವ ಎಂಜಿನಿಯರ್ ಬಂದರೂ ಮೊದಲು ಈ ಚೀಟಿ ತೋರಿಸಿ.

ಎರಡನೆಯದನ್ನು ಹೇಳಲು ಜನ ಮುಜುಗರ ಪಡುತ್ತಾರೆ. ನಡೆಯುವಾಗ ಮನೆಗಳ ಹಿಂಭಾಗ ನೋಡಿ. ಶೌಚಾಲಯದ ಗುಂಡಿಯಿಂದ ಅಥವಾ ಸೆಪ್ಟಿಕ್ ಟ್ಯಾಂಕಿನಿಂದ ಒಂದು ಪೈಪು ಚರಂಡಿಗೆ ಬಂದಿದೆಯಾ? ನೂರು ಮನೆಯಲ್ಲಿ ಹತ್ತು ಮನೆಯ ಪೈಪು ಹಾಗೆ ಬಂದಿದ್ದರೂ ನಿಮ್ಮ ಚರಂಡಿಯಲ್ಲಿ ಹರಿಯುತ್ತಿರುವುದು ಬರೀ ಬೂದುನೀರಲ್ಲ. ಸೆಪ್ಟಿಕ್ ಟ್ಯಾಂಕ್ ಅಂದರೆ ಎಲ್ಲವನ್ನೂ ಶುದ್ಧ ಮಾಡುವ ಪೆಟ್ಟಿಗೆ ಅಂತ ಬಹಳ ಜನ ನಂಬಿದ್ದಾರೆ. ಅದು ಗಟ್ಟಿಯನ್ನು ತಳಕ್ಕೆ ಇಳಿಸುತ್ತದೆ, ಒಂದಿಷ್ಟು ಕೊಳೆಸುತ್ತದೆ. ಮೇಲಿಂದ ಹೊರಬರುವ ನೀರಿನಲ್ಲಿ ರೋಗಾಣು ಹಾಗೇ ಇರುತ್ತದೆ. ಆ ನೀರು ಇಂಗುಗುಂಡಿಗೆ ಹೋಗಬೇಕು, ಚರಂಡಿಗೆ ಖಂಡಿತ ಬೇಡ. ನಿಮ್ಮ ಜಲ್ಲಿ ಹಾಸು ಇಷ್ಟು ಬೇಗ ಕಟ್ಟಿಕೊಳ್ಳಲು ಇದೂ ಒಂದು ಕಾರಣ ಇರಬಹುದು.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಒಂಟಿ ಗುಂಡಿ ಇರುವ ಕಡೆ ಒಂದು ಮೀಟರ್ ಆಚೆಗೆ ಇನ್ನೊಂದು ಗುಂಡಿ ತೋಡಿಸಿ. ಎರಡಕ್ಕೂ ನಡುವೆ ಒಂದು ಪುಟ್ಟ ಕವಲು ತೊಟ್ಟಿ ಇರಲಿ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಐದಾರು ಜನರ ಮನೆಯಲ್ಲಿ ಒಂದು ಗುಂಡಿ ಸಾಮಾನ್ಯವಾಗಿ ಮೂರು ವರ್ಷ ಬರುತ್ತದೆ, ಹಾಗಾಗಿ ಸಮಯ ಸಾಕಷ್ಟು ಸಿಗುತ್ತದೆ. ಸ್ನಾನದ ನೀರನ್ನು ಮಾತ್ರ ಈ ಗುಂಡಿಗೆ ಬಿಡಬೇಡಿ. ಗುಂಡಿ ಬೇಗ ತುಂಬುವುದೇ ಅದರಿಂದ. ಆಮೇಲೆ ಜನ ಬೇರೆ ದಾರಿ ಕಾಣದೆ ಚರಂಡಿಗೆ ಪೈಪು ಹಾಕುತ್ತಾರೆ.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿ ಬರಬೇಕು. ಗಾಡಿ ಎಲ್ಲಿ ಖಾಲಿ ಮಾಡುತ್ತದೆ ಅಂತ ದಯವಿಟ್ಟು ಕೇಳಿ. ರಾತ್ರೋರಾತ್ರಿ ಹಳ್ಳಕ್ಕೆ ಸುರಿದರೆ ಇಷ್ಟೆಲ್ಲ ಮಾಡಿಯೂ ಏನೂ ಉಳಿಯುವುದಿಲ್ಲ. ದೇವನಹಳ್ಳಿಯಲ್ಲಿ 2015ರಿಂದ ಇಂಥ ಮಲತ್ಯಾಜ್ಯಕ್ಕೆಂದೇ ಘಟಕ ಇದೆ. ದಿನಕ್ಕೆ 6,000 ಲೀಟರ್ ತೆಗೆದುಕೊಳ್ಳುವ ಸಣ್ಣ ಘಟಕ. ಹೆಚ್ಚುಕಡಿಮೆ ಎಲ್ಲ ಕೆಲಸವೂ ಇಳಿಜಾರಿನಲ್ಲೇ ನಡೆಯುತ್ತದೆ, ಕೊನೆಗೆ ಗೊಬ್ಬರ ಸಿಗುತ್ತದೆ. ನಿಮ್ಮ ತಾಲ್ಲೂಕಿನ ಪಟ್ಟಣದಲ್ಲಿ ಅಂಥದ್ದು ಇದೆಯಾ ವಿಚಾರಿಸಿ. ಇದ್ದರೆ ಆ ಪುರಸಭೆಯ ಜೊತೆ ಪಂಚಾಯಿತಿ ಒಪ್ಪಂದ ಮಾಡಿಕೊಳ್ಳಬಹುದು. ಇನ್ನೊಂದು ಮಾತು. ಯಾವ ಟ್ಯಾಂಕಿನೊಳಗೂ, ಯಾವ ಗುಂಡಿಯೊಳಗೂ, ಎಷ್ಟೇ ಸಣ್ಣದಿರಲಿ, ಮನುಷ್ಯರನ್ನು ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅದನ್ನು ಅಪರಾಧ ಅನ್ನುತ್ತದೆ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಜೀವ ತೆಗೆಯುತ್ತದೆ. ಒಬ್ಬರನ್ನು ಎಳೆಯಲು ಹೋದ ಇನ್ನೊಬ್ಬರೂ ಉಳಿಯುವುದಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಜೋರಾಗಿ ಹೇಳಿ.

ಈಗ ಬಚ್ಚಲು ನೀರಿಗೆ ಬರೋಣ. ನಮ್ಮ ಅಜ್ಜಿಯರ ಹಿತ್ತಲಲ್ಲಿ ಬಚ್ಚಲ ಹಿಂದೆ ಬಾಳೆ ಇರುತ್ತಿತ್ತು, ಅದರ ಬುಡದಲ್ಲಿ ಕೆಸು ಇರುತ್ತಿತ್ತು. ನೀರು ಹಿತ್ತಲು ದಾಟುತ್ತಲೇ ಇರಲಿಲ್ಲ. ಸಿಮೆಂಟ್ ಚರಂಡಿ ಬಂದ ಮೇಲೆ ಎಲ್ಲರ ನೀರೂ ಬೀದಿಗೆ ಬಂತು. ಹಿತ್ತಲು ಇರುವ ಮನೆಗಳ ನೀರನ್ನು ಮತ್ತೆ ಹಿತ್ತಲಿಗೇ ಕಳಿಸಿ. ನಿಮ್ಮೂರಲ್ಲಿ ಅರ್ಧ ಮನೆಗಳಿಗಾದರೂ ಜಾಗ ಇದ್ದೀತು. ಅರ್ಧ ಮನೆ ಅಂದರೆ ದಿನಕ್ಕೆ 46,000 ಲೀಟರ್ ಚರಂಡಿಗೆ ಬರುವುದೇ ಇಲ್ಲ. ಯಾವ ಯಂತ್ರವೂ ಇಷ್ಟು ಅಗ್ಗದಲ್ಲಿ ಈ ಕೆಲಸ ಮಾಡುವುದಿಲ್ಲ.

ಆದರೆ ಈ ನೀರು ಇಂಗಿಸುವ ಬಚ್ಚಲುಗುಂಡಿಯನ್ನು ಬರೀ ಫೋಟೋಗೆ ಮಾಡಿಸಬೇಡಿ. ಮೂರಡಿ ಗುಂಡಿ ತೋಡಿ, ಜಲ್ಲಿ ತುಂಬಿ, ಹೆಸರು ಬರೆದು ಬಿಟ್ಟರೆ ಆರು ತಿಂಗಳಿಗೆ ತುಂಬಿ ಹರಿಯುತ್ತದೆ. ಐದು ಜನರ ಮನೆಯಿಂದ ದಿನಕ್ಕೆ ಸುಮಾರು 190 ಲೀಟರ್ ಬರುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಚದರ ಮೀಟರಿಗೆ ದಿನಕ್ಕೆ 30ರಿಂದ 50 ಲೀಟರ್ ಕುಡಿಯುತ್ತದೆ. ಹೊಸತರಲ್ಲಿ ಜಾಸ್ತಿ ಕುಡಿಯುತ್ತದೆ, ಸೋಪಿನ ಜಿಡ್ಡು ಅಂಟಿದ ಮೇಲೆ ಈ ಲೆಕ್ಕಕ್ಕೆ ಇಳಿಯುತ್ತದೆ. ಆದ್ದರಿಂದ ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಬೇಕು. ಆಗ ನಾಲ್ಕು ಗೋಡೆ ಸೇರಿ 6 ಚದರ ಮೀಟರ್ ಸಿಗುತ್ತದೆ. ಎರೆಮಣ್ಣಾದರೆ 10 ಲೀಟರೂ ಇಂಗುವುದಿಲ್ಲ. ಅಲ್ಲಿ ಗುಂಡಿ ಬೇಡ, ಉದ್ದನೆಯ ಕಾಲುವೆ ತೋಡಿ ಬಾಳೆ ಹಾಕಿ. ಗುಂಡಿಗೆ ಮೊದಲು ಒಂದು ಚಿಕ್ಕ ತೊಟ್ಟಿ ಇರಲಿ. ಅನ್ನದ ಅಗುಳು, ಎಣ್ಣೆ ಜಿಡ್ಡು, ಕೂದಲು ಅಲ್ಲೇ ನಿಲ್ಲಬೇಕು. ವಾರಕ್ಕೊಮ್ಮೆ ಮನೆಯವರೇ ತೆಗೆದು ತಿಪ್ಪೆಗೆ ಹಾಕಬಹುದು. ಅಡುಗೆಮನೆ ನೀರಿನ ಗುಂಡಿಗಳು ಹಾಳಾಗುವುದು ಬಹುಪಾಲು ಈ ತೊಟ್ಟಿ ಇಲ್ಲದೇ ಇರುವುದರಿಂದ.

ಗುಂಡಿ ಯಾವುದೇ ಆಗಿರಲಿ, ಕುಡಿಯುವ ನೀರಿನ ಬೋರು, ಬಾವಿಯಿಂದ ಕಡಿಮೆ ಅಂದರೂ 10 ಮೀಟರ್ ದೂರ ಇರಬೇಕು. ಬಂಡೆ ಮೇಲೇ ಇರುವ ಕಡೆ ಇನ್ನೂ ದೂರ ಇಡಿ, ಏಕೆಂದರೆ ಬಂಡೆಯ ಬಿರುಕಿನಲ್ಲಿ ನೀರು ಸೋಸದೆ ನೇರವಾಗಿ ಇಳಿಯುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಕಿಟ್ಟಿನಲ್ಲಿ ನೈಟ್ರೇಟ್ ಪರೀಕ್ಷೆಯೂ ಇದೆ. ಮಳೆಗಾಲಕ್ಕೆ ಮೊದಲು, ಮಳೆಗಾಲದ ನಂತರ ಎಲ್ಲ ಬೋರುಗಳನ್ನೂ ನೋಡಿಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು, ಹಸುಗೂಸಿಗೆ ಹಾಲಿನ ಪುಡಿ ಕಲಸಲಂತೂ ಬಳಸಲೇಬಾರದು.

ಇನ್ನು ನಿಮ್ಮ ಘಟಕ. ಈ ಊರುಗಳ ಚರಂಡಿಯಲ್ಲಿ ಮಳೆನೀರೂ ಅದೇ ದಾರಿಯಲ್ಲೇ ಬರುತ್ತದೆ. ಒಂದು ಜೋರು ಮಳೆ ಬಂದರೆ ಬೀದಿಯ ಮಣ್ಣು, ಸಗಣಿ, ಪ್ಲಾಸ್ಟಿಕ್ ಎಲ್ಲ ತೊಟ್ಟಿಗೆ ನುಗ್ಗುತ್ತದೆ. ಒಂದೇ ಮಳೆಗಾಲದಲ್ಲಿ ಜಲ್ಲಿ ಹಾಸು ಕೂತುಬಿಡುತ್ತದೆ. ಅದಕ್ಕೇ ಘಟಕದ ಮುಂದೆ ಚರಂಡಿಗೆ ಅಡ್ಡಲಾಗಿ ಒಂದು ಗಿಡ್ಡ ಕಟ್ಟೆ ಕಟ್ಟಬೇಕು. ಬೇಸಿಗೆಯ ಸಣ್ಣ ಹರಿವು ಕಟ್ಟೆಗೆ ತಾಗಿ ಪಕ್ಕದ ಪೈಪಿನಿಂದ ಘಟಕಕ್ಕೆ ತಿರುಗುತ್ತದೆ. ಮಳೆಯ ದೊಡ್ಡ ಹರಿವು ಕಟ್ಟೆ ಹಾರಿ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ನಮ್ಮ ಕೆರೆಗಳ ಕೋಡಿ ಇದ್ದ ಹಾಗೆ, ತದ್ರೂಪು ಅದೇ ಲೆಕ್ಕ. ಇದಕ್ಕೆ ತಗಲುವುದು ಒಂದೆರಡು ದಿನದ ಗಾರೆ ಕೆಲಸ. ಇದೊಂದು ಇಲ್ಲದೆ ಹಾಳಾದ ಘಟಕಗಳನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಕಟ್ಟೆಯ ಮುಂದೆ ಎರಡು ಜಾಲರಿ ಹಾಕಿ, ಒಂದು ದಪ್ಪದ್ದು, ಒಂದು ಸಣ್ಣದ್ದು. ಅದರಾಚೆ ಮರಳು ಇಳಿಯಲು ಒಂದು ಉದ್ದ ತೊಟ್ಟಿ ಇರಲಿ.

ಜಲ್ಲಿ ಹಾಸನ್ನು ಪೂರ್ತಿ ತೆಗೆಯಬೇಕಾಗಿಲ್ಲ. ನೀರು ಒಳಬರುವ ಕಡೆಯ ಒಂದೆರಡು ಮೀಟರ್ ಜಲ್ಲಿ ಮೊದಲು ಕಟ್ಟಿಕೊಳ್ಳುತ್ತದೆ. ಅಷ್ಟನ್ನು ಮಾತ್ರ ತೆಗೆದು, ತೊಳೆದು, ಬಿಸಿಲಿಗೆ ಹರಡಿ. ಆ ಜಾಗಕ್ಕೆ ಮುಷ್ಟಿ ಗಾತ್ರದ ಕಲ್ಲು ಹಾಕಿ. ಹಿಂದಿನ ಭಾಗದಲ್ಲಿ 10ರಿಂದ 20 ಮಿಲಿಮೀಟರ್ ಜಲ್ಲಿ, ಎರಡಡಿ ಆಳ ಇದ್ದರೆ ಸಾಕು. ಹೊರಹೋಗುವ ಪೈಪಿಗೆ ತಿರುಗುವ ಬೆಂಡ್ ಹಾಕಿಸಿ. ಅದನ್ನು ಏರಿಳಿಸಿ ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಮೂರು ನಾಲ್ಕು ಇಂಚು ಕೆಳಗೆ ಇರುವಂತೆ ನೋಡಿಕೊಳ್ಳಿ. ನೀರು ಕಣ್ಣಿಗೆ ಕಾಣಬಾರದು. ಕಾಣದಿದ್ದರೆ ಸೊಳ್ಳೆಯೂ ಇಲ್ಲ, ವಾಸನೆಯೂ ಇಲ್ಲ. ಗಿಡಕ್ಕೆ ಆಪು, ಜೊಂಡು ಹಾಕಬಹುದು, ಊರವರಿಗೆ ಚೆಂದ ಕಾಣಲಿ ಅಂದರೆ ಕ್ಯಾನಾ ಹೂವಿನ ಗಿಡ ಹಾಕಿ. ನಿಜವಾದ ಕೆಲಸ ಮಾಡುವುದು ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು. ಗಿಡದ ಬೇರು ಜಲ್ಲಿಯನ್ನು ಸಡಿಲವಾಗಿಡುತ್ತದೆ, ಗೊಬ್ಬರದ ಅಂಶವನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲೇ ಜೌಗು ಗಿಡಗಳಿಂದ ಕೊಳಚೆ ನೀರು ಶುದ್ಧ ಮಾಡುವ ಪ್ರಯೋಗ ಶುರು ಮಾಡಿದ್ದರು. ಅಂದರೆ ಇದು ಬಡ ಊರಿಗೆ ಅಂತ ಹುಡುಕಿದ ಅಗ್ಗದ ಉಪಾಯ ಅಲ್ಲ.

ಎಷ್ಟು ಜಾಗ ಬೇಕು? ನಮ್ಮ ಬಿಸಿಲಿಗೆ, ಮೊದಲು ತೊಟ್ಟಿಯಲ್ಲಿ ತಿಳಿಯಾದ ನೀರಿಗೆ, ತಲೆಗೆ ಸುಮಾರು ಒಂದು ಚದರ ಮೀಟರ್ ಜಲ್ಲಿ ಹಾಸು ಹಿಡಿಯಿರಿ. ಅರ್ಧ ಊರಿನ ನೀರು ಹಿತ್ತಲಲ್ಲೇ ಉಳಿದರೆ ಉಳಿದ 1,200 ಜನಕ್ಕೆ 12 ಗುಂಟೆ. ಕೆರೆ ಅಂಗಳದೊಳಗೆ ಮಾತ್ರ ವಿಸ್ತರಿಸಬೇಡಿ. ಒಳ್ಳೆ ಮಳೆಯಾದ ವರ್ಷ ಮುಳುಗುತ್ತದೆ, ಕೆರೆ ಜಾಗವೂ ಹೋಗುತ್ತದೆ.

ಶುದ್ಧವಾದ ನೀರನ್ನೂ ಕೆರೆಗೇ ಬಿಡಬೇಕಾ? ಆದಷ್ಟೂ ಬೇಡ ಅನ್ನುತ್ತೇನೆ. ಜಲ್ಲಿ ಹಾಸು ಕೊಳೆಯನ್ನು ತೆಗೆಯುತ್ತದೆ, ಆದರೆ ಸಾರಜನಕ, ರಂಜಕ ಬಹಳಷ್ಟು ಉಳಿಯುತ್ತದೆ. ಕೆರೆಗೆ ಅದು ವಿಷ, ಹೊಲಕ್ಕೆ ಅದೇ ಗೊಬ್ಬರ. ಪಂಜಾಬಿನ ಸೀಚೆವಾಲ್ ಗ್ರಾಮದ ಸಂತ ಬಲಬೀರ್ ಸಿಂಗ್ ಇದನ್ನೇ ಮಾಡಿ ತೋರಿಸಿದರು. ಗುರು ನಾನಕರ ನೆನಪಿರುವ ಕಾಲಿ ಬೇಯಿ ಹೊಳೆ ಸುತ್ತಲಿನ ಊರುಗಳ ಕೊಳಚೆಯಿಂದ ಸತ್ತೇಹೋಗಿತ್ತು. 2000ದಲ್ಲಿ ಅವರು ಜನರನ್ನು ಕಟ್ಟಿಕೊಂಡು ಹೊಳೆಗೆ ಇಳಿದು ಕಳೆ ಕಿತ್ತರು. ಆದರೆ ಹೊಳೆ ಉಳಿದದ್ದು ಕಳೆ ಕಿತ್ತಿದ್ದರಿಂದ ಮಾತ್ರ ಅಲ್ಲ. ಊರಿನ ನೀರನ್ನು ಸಾಲು ಬಾವಿಗಳಲ್ಲಿ ತಿಳಿಗೊಳಿಸಿ, ಹೊಂಡದಲ್ಲಿ ನಿಲ್ಲಿಸಿ, ಪಂಪು ಮಾಡಿ ಹೊಲಗಳಿಗೆ ಕೊಟ್ಟರು. ಹೊಳೆಗೆ ಹೋಗುವ ನೀರಿಗೆ ಬೇರೆ ಕೆಲಸ ಸಿಕ್ಕಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಘಟಕದ ಕೆಳಗೂ ಯಾರದ್ದಾದರೂ ತೆಂಗು, ಬಾಳೆ, ಮೇವಿನ ಹುಲ್ಲು ಇದ್ದೇ ಇರುತ್ತದೆ. ಒಂದು ಹೊಂಡ ತೋಡಿ ಅವರಿಗೆ ಕೊಡಿ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ಮಾತ್ರ ಈ ನೀರು ಬೇಡ.

ಹೂಳು ತೆಗೆಸುವ ವಿಚಾರ. ತೆಗೆಸಬೇಕು, ಆದರೆ ಈಗಲ್ಲ. ತಳದ ಹೂಳಿನಲ್ಲಿ ವರ್ಷಗಟ್ಟಲೆ ಇಳಿದ ರಂಜಕ ಇದೆ, ಬೇಸಿಗೆಯಲ್ಲಿ ಅದೇ ಮೇಲೆ ಬಂದು ಪಾಚಿ ಬೆಳೆಸುತ್ತದೆ. ಆದರೆ ಕೊಳಚೆ ಬರುತ್ತಿರುವಾಗಲೇ ತೆಗೆಸಿದರೆ ಕೆಲವೇ ವರ್ಷದಲ್ಲಿ ಕೆರೆ ಮತ್ತೆ ಹೀಗೇ ಆಗುತ್ತದೆ. ಮೊದಲು ಒಳಹರಿವು ನಿಲ್ಲಲಿ. ಆಮೇಲೆ ಕೆರೆ ಬತ್ತಿದ ಒಂದು ಬೇಸಿಗೆ ನೋಡಿಕೊಂಡು ಗೋಡು ತೆಗೆಸಿ, ರೈತರು ಹೊಲಕ್ಕೆ ಹೊಡೆದುಕೊಳ್ಳಲಿ.

ದುಡ್ಡಿಗೆ: ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000 ಜನಸಂಖ್ಯೆವರೆಗಿನ ಊರಿಗೆ ಬೂದುನೀರು ಕೆಲಸಕ್ಕೆ ತಲೆಗೆ 280 ರೂಪಾಯಿವರೆಗೆ ಇಟ್ಟಿದ್ದರು. ನಿಮ್ಮ ಊರಿನ ಲೆಕ್ಕದಲ್ಲಿ 6,72,000 ರೂಪಾಯಿ. ಅದರಲ್ಲಿ ನೂರಕ್ಕೆ 30 ಪಾಲು ಹಣಕಾಸು ಆಯೋಗದ ಅನುದಾನದಿಂದ ಬರಬೇಕಿತ್ತು. ಹಿಂದೆ ಕಟ್ಟಿದ ಘಟಕಕ್ಕೆ ಅದರಲ್ಲಿ ಎಷ್ಟು ಖರ್ಚಾಗಿದೆ, ಎಷ್ಟು ಉಳಿದಿದೆ ಅಂತ ಪಿಡಿಒ ಹತ್ತಿರ ಕೂತು ನೋಡಿ. ಬಚ್ಚಲುಗುಂಡಿಗಳನ್ನು ಬಹಳ ಪಂಚಾಯಿತಿಗಳು ನರೇಗಾದಲ್ಲೇ ಮಾಡಿಸಿವೆ, ಆ ಖರ್ಚು ಇದಕ್ಕೆ ಸೇರುವುದಿಲ್ಲ. ನಾನು ಹೇಳಿದ ದುರಸ್ತಿ, ಕಟ್ಟೆ, ಜಾಲರಿಗೆ ದೊಡ್ಡ ಮೊತ್ತ ಬೇಕಾಗುವುದಿಲ್ಲ. ಬೇಕಾಗಿರುವುದು ಒಬ್ಬ ಮನುಷ್ಯ. ದಿನಾ ಬೆಳಿಗ್ಗೆ ಅರ್ಧ ಗಂಟೆ ಜಾಲರಿ ಕಸ ಎಳೆಯಬೇಕು. ವಾರಕ್ಕೊಮ್ಮೆ ಮರಳು ತೊಟ್ಟಿ ನೋಡಬೇಕು. ಆರು ತಿಂಗಳಿಗೊಮ್ಮೆ ತೊಟ್ಟಿಗೆ ಕೋಲು ಇಳಿಸಿ ಕೆಸರು ಎಷ್ಟಿದೆ ನೋಡಬೇಕು, ಮೂರರಲ್ಲಿ ಒಂದು ಪಾಲು ದಾಟಿದರೆ ಗಾಡಿ ಕರೆಸಬೇಕು. ಆ ಮನುಷ್ಯನಿಗೆ ಉದ್ದ ಹಿಡಿಯ ಕುಂಟೆ, ಗ್ಲೌಸ್, ಬೂಟು, ತಿಂಗಳು ತಪ್ಪದ ಸಂಬಳ ಕೊಡಿ. ನಿಮ್ಮ ಘಟಕ ಒಂದು ವರ್ಷ ಚೆನ್ನಾಗಿತ್ತು ಅಂದಿರಿ. ಆ ವರ್ಷ ಯಾರು ನೋಡಿಕೊಳ್ಳುತ್ತಿದ್ದರು, ಆಮೇಲೆ ಯಾಕೆ ಬಿಟ್ಟರು ಅಂತ ಕೇಳಿ ನೋಡಿ.

ಎಸ್‌ಟಿಪಿ ಎಂದಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತು ಹದಿನೈದು ಸಾವಿರ ಜನರ ಊರು, ಮನೆಗೆ ಮನೆ ಅಂಟಿಕೊಂಡಿದೆ, ಹಿತ್ತಲಿಲ್ಲ, ಹತ್ತು ಗುಂಟೆ ಜಾಗವೂ ಇಲ್ಲ ಅಂದರೆ ಅದೇ ಸರಿ. ಅಲ್ಲಿ ಗಾಳಿ ಊದುವ ಯಂತ್ರ ದಿನವಿಡೀ ಓಡಬೇಕು, ಓದು ಬಲ್ಲ ಆಪರೇಟರ್ ಬೇಕು. ಗಾಳಿ ಒಂದು ದಿನ ನಿಂತರೆ ಸೂಕ್ಷ್ಮಜೀವಿಗಳು ಸಾಯಲು ಶುರುವಾಗುತ್ತವೆ. ತ್ರೀ ಫೇಸ್ ಕರೆಂಟ್ ನಿಮ್ಮೂರಲ್ಲಿ ದಿನಕ್ಕೆ ಎಷ್ಟು ಗಂಟೆ ಇರುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಗುತ್ತಿಗೆದಾರರು ಮತ್ತೆ ಬಂದರೆ ಐದು ವರ್ಷದ ನಿರ್ವಹಣೆ ಮತ್ತು ಕರೆಂಟ್ ಖರ್ಚನ್ನು ಬರೆದುಕೊಡಿ ಅಂತ ಕೇಳಿ.

ಕೊನೆಗೆ ಮೀನು. ಮನೆಯ ಕೊಳಚೆ ನೀರು ಒಂದು ಲೀಟರ್ ಕೊಳೆಯಲು ಸುಮಾರು 250 ಮಿಲಿಗ್ರಾಂ ಆಮ್ಲಜನಕ ಎಳೆಯುತ್ತದೆ. ನಮ್ಮ ಹವೆಯಲ್ಲಿ ಒಂದು ಲೀಟರ್ ಒಳ್ಳೆ ನೀರಿನಲ್ಲಿ ಇರುವುದೇ 8 ಮಿಲಿಗ್ರಾಂ. ಅಂದರೆ ಒಂದು ಚೊಂಬು ಕೊಳಚೆ ಮೂವತ್ತು ಚೊಂಬು ಕೆರೆ ನೀರಿನ ಉಸಿರು ಕಟ್ಟಿಸುತ್ತದೆ. ಇದರ ಮೇಲೆ ಪಾಚಿ. ಹಗಲು ಅದು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಕೆರೆಯಲ್ಲಿ ಏನೂ ಉಳಿದಿರುವುದಿಲ್ಲ. ನಿಮ್ಮ ಮೀನುಗಳು ಸತ್ತದ್ದೂ ಆ ಹೊತ್ತಿನಲ್ಲೇ ಇರಬೇಕು. ಹಾಗಾಗಿ ಈ ವರ್ಷ ಮೀನುಮರಿ ಬಿಡಬೇಡಿ, ಕೆರೆಯ ಮೀನು ಗುತ್ತಿಗೆ ಹಿಡಿದವರಿಗೂ ಹಾಗೇ ಹೇಳಿ. ಚರಂಡಿ ನೀರು ತಿರುಗಿಸಿದ ಮೇಲೆ ಒಂದು ಮಳೆಗಾಲ ಕಳೆಯಲಿ. ಮುಂದಿನ ಬೇಸಿಗೆ ಏಪ್ರಿಲ್‌ನಲ್ಲಿ ನಾಲ್ಕೈದು ದಿನ ಸೂರ್ಯ ಹುಟ್ಟುವ ಮೊದಲು ಏರಿ ಮೇಲೆ ಹೋಗಿ ನಿಲ್ಲಿ. ಕೆರೆಯಲ್ಲಿ ಇರುವ ಸಣ್ಣ ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕು ಹಾಕುತ್ತಿದ್ದರೆ ಇನ್ನೊಂದು ವರ್ಷ ಕಾಯಿರಿ. ಹಾಕದೆ ಆಳದಲ್ಲೇ ಆಡುತ್ತಿದ್ದರೆ, ಮಳೆ ಬಂದ ಕೂಡಲೇ ಮರಿ ಬಿಡಿಸಿ.